ಅಳು ಬಾರದ ಮಗಳಿಗೆ

ಪ್ರಿಯ ಸೋದರಿ,

ಹೆಸರು, ಊರು ಹಾಕಬೇಡಿ ಅಂದಿದ್ದೀರಿ. ಹಾಕುವುದಿಲ್ಲ. ಆದರೆ ಉಳಿದ ಓದುಗರಿಗೆ ನಿಮ್ಮ ಪತ್ರದ ವಿಷಯ ಸ್ವಲ್ಪವಾದರೂ ಗೊತ್ತಾಗಬೇಕಲ್ಲ, ಅಷ್ಟನ್ನು ಮಾತ್ರ ಬರೆಯುತ್ತೇನೆ.

ಬ್ಯಾಂಕಿನ ಕೆಲಸ ಮಾಡಿಕೊಂಡೇ ಮೂರು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಿರಿ. ಕಳೆದ ಆಷಾಢದಲ್ಲಿ ಅಮ್ಮ ಹೋದರು. ಅವತ್ತಿನಿಂದ ನಿಮಗೆ ನಿದ್ದೆ ಇಲ್ಲ, ಕಣ್ಣಲ್ಲಿ ಒಂದು ಹನಿ ನೀರೂ ಬಂದಿಲ್ಲ. ಊರಲ್ಲೇ ಇರುವ ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋದಿರಿ. ಅವರು ಹತ್ತು ನಿಮಿಷದೊಳಗೆ ‘ನೀವು ಯಾವ ಪೈಕಿ?’ ಅಂತ ಕೇಳಿದರು. ನಿಮ್ಮ ಸೋದರಮಾವ ಪರಿಚಯ ಅಂದರು. ‘ಮದುವೆ ಆಗಿಬಿಡಿ, ಎಲ್ಲ ಸರಿಹೋಗುತ್ತೆ’ ಅಂದು ಕಳಿಸಿದರು. ಆಮೇಲೆ ಬೆಂಗಳೂರಿನ ಒಬ್ಬ ಥೆರಪಿಸ್ಟ್ ಸಿಕ್ಕರು. ಪ್ರತಿ ಗುರುವಾರ ಸಂಜೆ ವಿಡಿಯೊದಲ್ಲಿ ಮಾತು, ನಾಲ್ಕು ವಾರ ಆಯಿತು. ‘ಒಳ್ಳೆಯವರೇ. ಆದರೆ ಏನೂ ಹೇಳುವುದಿಲ್ಲ, ಸುಮ್ನೆ ಕೇಳುತ್ತಾರೆ. ಇಂಗ್ಲಿಷ್ ಫಾರ್ಮ್ ಕೊಟ್ಟು ತುಂಬಿಸು ಅನ್ನುತ್ತಾರೆ. ಇಬ್ಬರ ಹತ್ತಿರವೂ ಆಗಲಿಲ್ಲ ಅಂದಮೇಲೆ ತೊಂದರೆ ನನ್ನಲ್ಲೇ ಇರಬೇಕು. ಬಿಟ್ಟುಬಿಡಲಾ?’ ಅಂತ ಕೇಳಿದ್ದೀರಿ.

ತೊಂದರೆ ನಿಮ್ಮಲ್ಲಿಲ್ಲ. ಇದನ್ನು ಮೊದಲು ಹೇಳಬೇಕು ಅನ್ನಿಸಿತು, ಯಾಕೆಂದರೆ ಪತ್ರದಲ್ಲಿ ಈ ಮಾತನ್ನು ಮೂರು ಕಡೆ ಬರೆದಿದ್ದೀರಿ.

ಮೊದಲನೆಯವರ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿಗೆ ಮತ್ತೆ ಹೋಗಬೇಡಿ. ಜಾತಿ ತಿಳಿದುಕೊಳ್ಳುವ ಕುತೂಹಲಕ್ಕೆ ಆ ಕೋಣೆಯಲ್ಲಿ ಜಾಗ ಇಲ್ಲ. ಮನೆಯವರ ಪರಿಚಯ ಇದ್ದರೆ ಅವರೇ ‘ನಿಮ್ಮ ಮಾವ ನನಗೆ ಗೊತ್ತು, ನೀವು ಬೇರೆಯವರನ್ನು ನೋಡುವುದು ಒಳ್ಳೆಯದು’ ಅನ್ನಬೇಕಿತ್ತು. ಸಣ್ಣ ಊರುಗಳಲ್ಲಿ ಇದು ದೊಡ್ಡ ಕಷ್ಟ. ಎಲ್ಲರಿಗೂ ಎಲ್ಲರೂ ಗೊತ್ತು. ಇಲ್ಲಿ ಹೇಳಿದ ಮಾತು ಮದುವೆ ಮನೆಯ ಊಟದ ಪಂಕ್ತಿಗೆ ತಲುಪುತ್ತದೋ ಅನ್ನುವ ಭಯ ಇದ್ದರೆ ಬಾಯಿ ಹೇಗೆ ತೆರೆಯುತ್ತದೆ? ಮಾನಸಿಕ ಆರೋಗ್ಯ ತಜ್ಞರು ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ಅಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಯಾರ ಹತ್ತಿರ ಹೋದರೂ ಮೊದಲ ದಿನವೇ ‘ನಾನು ಹೇಳಿದ್ದು ಯಾರ್‍ಯಾರಿಗೆ ಗೊತ್ತಾಗುತ್ತೆ?’ ಅಂತ ಕೇಳಿ. ಈ ಪ್ರಶ್ನೆಗೆ ಸಿಡುಕುವವರು ನಿಮಗೆ ಬೇಡ.

ಎರಡನೆಯವರ ವಿಷಯ ಬೇರೆ. ಅದರ ಬಗ್ಗೆ ನಿಧಾನವಾಗಿ ಮಾತಾಡಬೇಕು.

ಎಡ್ವರ್ಡ್ ಬೋರ್ಡಿನ್ ಅಂತ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. ಥೆರಪಿಸ್ಟ್ ಮತ್ತು ಬಂದವರ ನಡುವಿನ ಹೊಂದಾಣಿಕೆಯಲ್ಲಿ ಮೂರು ಎಳೆ ಇವೆ ಅಂತ 1979ರಲ್ಲಿ ಬರೆದರು. ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು. ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲೂ ಒಪ್ಪಿಗೆ ಬೇಕು. ಜೊತೆಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ. ನಿಮ್ಮ ಪತ್ರವನ್ನು ಇದರ ಜೊತೆ ಇಟ್ಟು ನೋಡಿದೆ. ನಿಮಗೆ ಬೇಕಿರುವುದು ಅಮ್ಮನಿಗಾಗಿ ಅಳುವುದು. ಮೊದಲನೆಯವರಿಗೆ ಬೇಕಿದ್ದದ್ದು ನಿಮ್ಮ ಮದುವೆ. ದಾರಿಯೇ ಬೇರೆ. ಎರಡನೆಯವರ ಮೇಲೆ ನಿಮಗೆ ನಂಬಿಕೆ ಇದೆ, ಅವರಿಗೂ ನಿಮ್ಮ ಅಳುವೇ ಮುಖ್ಯ. ಕೆಟ್ಟಿರುವುದು ಮಾಡುವ ರೀತಿ ಮಾತ್ರ. ಅದನ್ನು ಕೇಳಿ ಬದಲಾಯಿಸಿಕೊಳ್ಳಬಹುದು.

‘ಏನೂ ಹೇಳುವುದಿಲ್ಲ’ ಅನ್ನುವ ನಿಮ್ಮ ಬೇಜಾರು ನಮ್ಮಲ್ಲಿ ತುಂಬಾ ಜನರದ್ದು. ಜೆ.ಎಸ್. ನೇಕಿ ಅನ್ನುವ ಮನೋವೈದ್ಯರು 1973ರಲ್ಲೇ ಇದರ ಬಗ್ಗೆ ಒಂದು ಲೇಖನ ಬರೆದರು. ಥೆರಪಿಸ್ಟ್ ಜೊತೆಗಿನ ಸಂಬಂಧ ನಮ್ಮಲ್ಲಿ ಗುರು-ಚೇಲಾ, ಅಂದರೆ ಗುರು-ಶಿಷ್ಯ ಸಂಬಂಧದ ಹಾಗೆ ಇರಬಹುದಾ ಅನ್ನುವುದು ಅವರ ಯೋಚನೆ. ನಾವು ಹಿರಿಯರ ಮುಂದೆ ಕೂತರೆ ‘ಹೀಗೆ ಮಾಡಮ್ಮ’ ಅಂತ ಒಂದು ಮಾತು ಬರಲಿ ಅಂತ ಕಾಯುತ್ತೇವೆ, ಅಲ್ವಾ? ಅದು ತಪ್ಪಲ್ಲ. ಆದರೆ ‘ನೀವು ಸ್ವಲ್ಪ ಜಾಸ್ತಿ ಮಾತಾಡಿದರೆ ನನಗೆ ಧೈರ್ಯ ಬರುತ್ತೆ’ ಅಂತ ನೀವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಒಳ್ಳೆಯ ಥೆರಪಿಸ್ಟ್‌ಗೆ ಈ ಮಾತಿನಿಂದ ಬೇಜಾರಾಗುವುದಿಲ್ಲ. ಎಷ್ಟೋ ಸಲ ಕೆಲಸ ನಿಜವಾಗಿ ಶುರುವಾಗುವುದೇ ಅಲ್ಲಿಂದ.

ಹೊಸ ಚಪ್ಪಲಿ ಎರಡು ದಿನ ಕಚ್ಚುತ್ತದೆ, ಆಮೇಲೆ ಕಾಲಿಗೆ ಹೊಂದಿಕೊಳ್ಳುತ್ತದೆ. ಅಳತೆಯೇ ಚಿಕ್ಕದಾದರೆ ವರ್ಷವಿಡೀ ಹಾಕಿದರೂ ಹೊಂದುವುದಿಲ್ಲ, ಗಾಯ ಆಗುತ್ತದೆ. ಇವೆರಡರ ವ್ಯತ್ಯಾಸ ಗೊತ್ತಾಗಲು ಮೂರು ನಾಲ್ಕು ಸೆಷನ್ ಬೇಕು ಅನ್ನುವುದು ನನ್ನ ಲೆಕ್ಕ. ಸೆಷನ್ ಮುಗಿಸಿ ಸುಸ್ತಾಗಿ ಬಂದರೆ, ರಾತ್ರಿ ಹಳೆಯದೆಲ್ಲ ನೆನಪಾದರೆ ಅದು ಹೊಸ ಚಪ್ಪಲಿ. ಪ್ರತಿ ಸಲ ಸಣ್ಣವರಾಗಿ, ನಾಚಿಕೆಪಟ್ಟುಕೊಂಡು, ಹೇಳಬೇಕಾದದ್ದನ್ನು ನುಂಗಿಕೊಂಡು ಎದ್ದು ಬರುತ್ತಿದ್ದರೆ ಅಳತೆ ಸರಿ ಇಲ್ಲ.

ನನ್ನದೂ ಒಂದು ಅನುಭವ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ ನನ್ನ ತಮ್ಮ ಹೋದ. ಸ್ನೇಹಿತರು ಹೇಳಿದ ಒಬ್ಬರ ಹತ್ತಿರ ಐದು ಸಲ ಹೋದೆ. ನಾನು ಮಾತಾಡುವಾಗ ಅವರು ಆಗಾಗ ಮೊಬೈಲ್ ನೋಡುತ್ತಿದ್ದರು. ಎರಡನೇ ಸಲಕ್ಕೇ ಗೊತ್ತಾಗಿತ್ತು, ಇದು ಆಗುವುದಲ್ಲ ಅಂತ. ಆದರೂ ಸಂಕೋಚ. ಅವರಿಗೆ ಏನನ್ನಿಸುತ್ತದೋ, ಶಿಫಾರಸು ಮಾಡಿದ ಸ್ನೇಹಿತರು ಏನಂದುಕೊಳ್ಳುತ್ತಾರೋ ಅಂತ ಮತ್ತೆ ಮೂರು ಸಲ ಹೋದೆ. ಆಮೇಲೆ ನಿಂತುಹೋಯಿತು. ಒಂದು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ಆ ವರ್ಷ ನೆನಪಾದರೆ ಇವತ್ತಿಗೂ ಸಂಕಟ ಆಗುತ್ತದೆ. ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದು ಅದಕ್ಕೇ. ಕೊನೆಗೆ ಸಿಕ್ಕ ಹೆಂಗಸು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. ‘ತಮ್ಮನನ್ನು ಮನೆಯಲ್ಲಿ ಏನಂತ ಕರೀತಿದ್ರಿ?’ ನಾನು ‘ಪುಟ್ಟು’ ಅಂದೆ. ಆಮೇಲೆ ಅವತ್ತು ಮಾತಾಡಲು ಆಗಲಿಲ್ಲ. ಅವರು ಕಾದರು.

ಯಾರನ್ನು ಹುಡುಕುವುದು ಅಂತಲೂ ಕೇಳಿದ್ದೀರಿ. ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರಲ್ಲಿ ವರ್ಷಗಟ್ಟಲೆ ಓದಿದವರೂ ಇದ್ದಾರೆ, ಕೆಲವು ವಾರಗಳ ಕೋರ್ಸ್ ಮಾಡಿದವರೂ ಇದ್ದಾರೆ. ಏನು ಓದಿದ್ದೀರಿ ಅಂತ ಕೇಳುವುದು ಮರ್ಯಾದೆಗೇಡಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ನೋಂದಣಿ ಮಾಡಿಸಿರಬೇಕು. ಆ ನಂಬರ್ ಕೇಳಿ. ಫೀಸು ಎಷ್ಟು, ಎಷ್ಟು ಹೊತ್ತು, ಬರಲಾಗದ ದಿನ ಏನು ಮಾಡಬೇಕು, ಇದನ್ನೆಲ್ಲ ಫೋನಿನಲ್ಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಇಷ್ಟು ತಿಂಗಳು ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದಿದ್ದೀರಿ. ಒಂದು ಸಲ ಮನೋವೈದ್ಯರನ್ನೂ ನೋಡಿ. ಅವರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬೇಕಾ ಬೇಡವಾ ಅಂತ ಹೇಳಬಲ್ಲವರು. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿನೋಡಿ. ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ. ಮಾತ್ರೆ ತೆಗೆದುಕೊಂಡರೆ ಥೆರಪಿ ಬಿಡಬೇಕು ಅಂತೇನಿಲ್ಲ, ಎರಡೂ ಜೊತೆಗೆ ನಡೆಯುತ್ತವೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ‘ಯಾಕಾದರೂ ಬದುಕಿದ್ದೀನೋ’ ಅನ್ನಿಸುತ್ತದೆ ಅಂತ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ನನಗೆ ಓದಲು ಆಯಿತು. ಅಂಥ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸೇವೆ, 2022ರಿಂದ ಇದೆ. ದುಡ್ಡು ಕೊಡಬೇಕಾಗಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಆ ಹೊಡೆದುಹಾಕಿದ ಸಾಲನ್ನು ನಿಮ್ಮ ಥೆರಪಿಸ್ಟ್‌ಗೂ ಹೇಳಿ. ದಯವಿಟ್ಟು ಹೇಳಿ.

ಈಗ ಗುರುವಾರದ ವಿಷಯ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ನೀವೇ ಗಮನಿಸದ ಒಂದು ವಾಕ್ಯ ಇದೆ. ಅಮ್ಮನಿಗೆ ಕೊನೆಯ ಸಲ ತಲೆ ಬಾಚಿದ್ದನ್ನು ನೀವು ಇಂಗ್ಲಿಷಿನಲ್ಲಿ ಹೇಳಿದಾಗ ಆ ಥೆರಪಿಸ್ಟ್ ‘ಅಯ್ಯೋ ಪಾಪ’ ಅಂದರು ಅಂತ ಬರೆದಿದ್ದೀರಿ. ಅಂದರೆ ಅವರಿಗೆ ಕನ್ನಡ ಬರುತ್ತದೆ! ಮೊದಲ ಫೋನ್ ಇಂಗ್ಲಿಷಿನಲ್ಲಿ ಆಯಿತು, ಹಾಗಾಗಿ ಇಬ್ಬರೂ ಅದರಲ್ಲೇ ಉಳಿದುಬಿಟ್ಟಿರಿ ಅನ್ನಿಸುತ್ತದೆ. ‘ಎದೆ ಮೇಲೆ ರುಬ್ಬುವ ಕಲ್ಲು ಇಟ್ಟ ಹಾಗಿದೆ’ ಅಂತ ನನಗೆ ಬರೆದಿದ್ದೀರಿ. ಅವರಿಗೆ ಏನು ಹೇಳಿದ್ದೀರಿ? ಸ್ಟ್ರೆಸ್ ಅಂದಿದ್ದೀರಿ. ಎರಡೂ ಒಂದೇನಾ?

ಹಾಗಾಗಿ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಬೇಡಿ. ಬರುವ ಗುರುವಾರ ವಿಡಿಯೊ ಶುರುವಾದ ಕೂಡಲೇ ಕನ್ನಡದಲ್ಲಿ ಹೇಳಿ: ‘ಮೇಡಂ, ನನಗೆ ಫಾರ್ಮ್ ತುಂಬಲು ಆಗುತ್ತಿಲ್ಲ. ಇವತ್ತು ಅಮ್ಮನ ವಿಷಯ ಕನ್ನಡದಲ್ಲಿ ಹೇಳಲಾ?’ ಅವರು ಒಪ್ಪಿದರೆ ಇನ್ನೂ ಮೂರು ವಾರ ನೋಡಿ. ಆಗಲೂ ಕಲ್ಲು ಅಲುಗಾಡದಿದ್ದರೆ, ಅಥವಾ ಕನ್ನಡದಲ್ಲಿ ನಡೆಸುವುದು ಅವರಿಗೆ ಕಷ್ಟ ಅಂದರೆ, ಕನ್ನಡದಲ್ಲಿ ಮಾತಾಡುವ ಬೇರೆಯವರು ಗೊತ್ತಾ ಅಂತ ಅವರನ್ನೇ ಕೇಳಿ. ಹೇಳುತ್ತಾರೆ. ಅದು ಅವರ ಕೆಲಸದ ಭಾಗವೇ.

ಏನಾಯಿತು ಅಂತ ನನಗೂ ಒಂದು ಸಾಲು ಬರೆಯಿರಿ. ಪ್ರಕಟಿಸುವುದಕ್ಕಲ್ಲ.

ನಿಮ್ಮ,
ಸಂಪಾದಕ