ಸಂಪಾದಕರ ಉತ್ತರ: ತೊಳೆಯದೆ ಒಯ್ಯಿರಿ

ತುಮಕೂರು ಜಿಲ್ಲೆಯಿಂದ ನಿವೃತ್ತ ಉಪಾಧ್ಯಾಯರೊಬ್ಬರು ಬರೆದಿದ್ದಾರೆ: ‘ಅಜ್ಜಿಯ ಟ್ರಂಕಿನಲ್ಲಿ ತಗಡಿನ ಡಬ್ಬಿಯೊಂದು ಸಿಕ್ಕಿದೆ. ರಾಮ, ಸೀತೆ, ಲಕ್ಷ್ಮಣರಿರುವ, ಈಸ್ಟ್ ಇಂಡಿಯಾ ಕಂಪನಿ 1818 ಎಂದು ಬರೆದಿರುವ ನಾಣ್ಯ, ಆನೆಯ ಚಿತ್ರದ ತಾಮ್ರದ ಬಿಲ್ಲೆ, ನಾಲ್ಕಾರು ತೂತಿನ ಕಾಸು, ಕಮಲದ ಇಪ್ಪತ್ತು ಪೈಸೆಗಳು ಅದರಲ್ಲಿವೆ. ರಾಮನ ನಾಣ್ಯಕ್ಕೆ ಕೋಟಿ ರೂಪಾಯಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ಹತ್ತಿರದ ಪಟ್ಟಣದಲ್ಲಿ ತಿಂಗಳಿಗೊಮ್ಮೆ ನಾಣ್ಯ ಸಂಗ್ರಾಹಕರು ಸೇರುತ್ತಾರಂತೆ. ಎಲ್ಲವನ್ನೂ ಹುಣಸೆಹಣ್ಣಿನಲ್ಲಿ ಉಜ್ಜಿ ಅಲ್ಲಿಗೆ ಒಯ್ಯಬಹುದೇ? ಮೋಸವಾದೀತೇ? (ಡಬ್ಬಿಯ ತಳದಲ್ಲಿ ಕಡಲೆಬೇಳೆಗಿಂತ ಚಿಕ್ಕ ಹಳದಿ ಚೂರೊಂದಿತ್ತು. ಹಳೆಯ ಒಡವೆಯದಿರಬೇಕು.)’

ಮೇಷ್ಟ್ರೇ, ಮೊದಲು ಆ ಹುಣಸೆಹಣ್ಣನ್ನು ಅಡುಗೆಮನೆಗೆ ಹಿಂತಿರುಗಿಸಿ. ಸಾರಿಗಾದರೂ ಆದೀತು. ನಾನು ಈ ತಪ್ಪನ್ನು ಮಾಡಿ ಕೆಟ್ಟವನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯವೊಂದು ಸಿಕ್ಕಿದಾಗ, ಮನೆಯ ತಾಮ್ರದ ಚೊಂಬಿನ ಜೊತೆಗೆ ಅದನ್ನೂ ಉಜ್ಜಿ ಹೊಸ ಗುಂಡಿಯಂತೆ ಹೊಳೆಯಿಸಿದ್ದೆ. ಸಭೆಯಲ್ಲಿ ಅದನ್ನು ಕೈಗೆ ತೆಗೆದುಕೊಂಡ ಹಿರಿಯರು ಬೈಯಲಿಲ್ಲ. ‘ಪಾಪ’ ಎಂದರು. ನನಗೋ ಅಥವಾ ನಾಣ್ಯಕ್ಕೋ ಎಂದು ಇಂದಿಗೂ ತಿಳಿದಿಲ್ಲ. ನೂರೈವತ್ತು ವರ್ಷ ಗಾಳಿ, ಬೆವರು ಕುಡಿದು ತಾಮ್ರದ ಮೇಲೆ ಕೂತ ಕಂದು ಪದರವನ್ನು ಒಮ್ಮೆ ತೆಗೆದರೆ ಮತ್ತೆ ಕೂರಿಸಲಾಗದು. ಜೊತೆಗೆ ಅಕ್ಷರಗಳ ಅಂಚೂ ಸವೆಯುತ್ತದೆ.

ಈಗ ನಿಮ್ಮ ರಾಮನ ನಾಣ್ಯ. ಮನಸ್ಸು ಗಟ್ಟಿ ಮಾಡಿಕೊಳ್ಳಿ: ಕಂಪನಿ ಅಂಥ ನಾಣ್ಯವನ್ನು ಎಂದೂ ಟಂಕಿಸಿಲ್ಲ. ರಾಮದರ್ಬಾರು, ಹನುಮಂತ, 1616, 1818, 1839 ಎಂದೆಲ್ಲ ಬರೆದ ಈ ಬಿಲ್ಲೆಗಳನ್ನು ಬಹಳ ಈಚೆಗೆ ಯಾರೋ ಅಚ್ಚುಹಾಕಿ ಜಾತ್ರೆ, ಸಂತೆಗಳಲ್ಲಿ ಹರಿಯಬಿಟ್ಟರು. ಕೆಲವರು ಇವುಗಳಿಗೆ ಅಕ್ಕಿಕಾಳನ್ನು ಸೆಳೆಯುವ ಪವಾಡಶಕ್ತಿಯಿದೆ ಎಂದು ಹೇಳಿಯೂ ಮಾರುತ್ತಾರೆ. ದೇವಸ್ಥಾನಗಳಲ್ಲಿ ಪೂಜೆಗೆ ಕೊಡುತ್ತಿದ್ದ ರಾಮಟಂಕಗಳ ಸಂಪ್ರದಾಯ ನಿಜವಾದದ್ದೇ. ಅವು ಚಲಾವಣೆಯ ನಾಣ್ಯಗಳಲ್ಲ, ಅವುಗಳ ಮೇಲೆ ಕಂಪನಿಯ ಹೆಸರಿಗೇನು ಕೆಲಸ? ನಿಮ್ಮದನ್ನು ದೇವರ ಮನೆಯಲ್ಲಿಡಿ. ಕೋಟಿ ಕೊಡುತ್ತೇನೆ, ಮೊದಲು ನೋಂದಣಿ ಶುಲ್ಕ ಕಳುಹಿಸಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಸಿತ್ತು.

ತೂತಿನ ಕಾಸು 1943ರಿಂದ 1947ರವರೆಗಿನದು. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವೆ ರಂಧ್ರ ಕೊರೆದರು. ಕಮಲದ ಇಪ್ಪತ್ತು ಪೈಸೆಯಲ್ಲಿ ಚಿನ್ನ ಬೆರೆತಿದೆ ಎಂದು ನಮ್ಮ ಬಾಲ್ಯದಲ್ಲಿ ಸುದ್ದಿಯಿತ್ತು, ಇರಲಿಲ್ಲ. ಇವೆರಡೂ ಮೊಮ್ಮಕ್ಕಳಿಗೆ ಕೊಡಲು ಚೆನ್ನ.

ಆನೆಯ ಬಿಲ್ಲೆಯನ್ನು ಮಾತ್ರ ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡಿ. ಕನ್ನಡ ಅಕ್ಷರಗಳೂ ಇಂಗ್ಲಿಷಿನ ‘ಕ್ಯಾಷ್’ ಪದವೂ ಕಂಡರೆ ಅದು ಮುಮ್ಮಡಿಯವರದು, ‘ಮೈಲಿ ಕಾಸು’. ಹಿಂಬದಿಯಲ್ಲಿ ಪರ್ಷಿಯನ್ ಲಿಪಿ ಮಾತ್ರ ಇದ್ದರೆ ಟಿಪ್ಪುವಿನದಿರಬಹುದು. ನನಗೆ ಈ ಹುಚ್ಚು ಹತ್ತಿದ್ದೇ ಅಂಥದ್ದೊಂದು ಪೈಸೆಯಿಂದ. ಸಭೆಯಲ್ಲಿ ಒಬ್ಬರು ಭೂತಗನ್ನಡಿ ಕೊಟ್ಟು, ‘ಇಸವಿ ಓದಿ’ ಎಂದರು. ಅಂಕಿಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು 2221 ಎಂದು ಓದಿ ಬೆಪ್ಪಾದೆ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅದು 1222, ಅಂದರೆ ಸುಮಾರು ಕ್ರಿ.ಶ. 1794. ಶ್ರೀರಂಗಪಟ್ಟಣದ ಟಂಕಸಾಲೆಯಾದರೆ ‘ಪಟ್ಟನ್’ ಎಂದಿರುತ್ತದೆ, ಬಿದನೂರಿನದಾದರೆ ‘ನಗರ್’. ಚಿತ್ರದುರ್ಗಕ್ಕೆ ‘ಫರ್ರುಖ್‌ಯಾಬ್ ಹಿಸಾರ್’ ಎಂದು ನಾಮಕರಣವಾಗಿತ್ತು. ಪೈಸೆಗೆ ‘ಜೊಹ್ರಾ’ ಎಂಬ ಹೆಸರು, ಶುಕ್ರಗ್ರಹದ್ದು. ಅಂಗೈಯಲ್ಲಿ ಇಷ್ಟೆಲ್ಲ ಇದೆ ಎಂದು ತಿಳಿದ ಆ ಭಾನುವಾರ ಮನೆಗೆ ಊಟಕ್ಕೆ ಹೋಗುವುದನ್ನೇ ಮರೆತಿದ್ದೆ. ಮನೆಯವರು ಮರೆತಿರಲಿಲ್ಲ.

ಸಭೆ ಎಂದರೆ ವೇದಿಕೆ, ಹಾರ, ತುರಾಯಿ ಎಂದುಕೊಳ್ಳಬೇಡಿ. ನಾನು ಹೋಗುವಲ್ಲಿ ಉದ್ದನೆಯ ಮೇಜು, ಅದರ ಮೇಲೊಂದು ಮಂದ ಬಟ್ಟೆ. ಕೈಜಾರಿದರೆ ನಾಣ್ಯಕ್ಕೆ ಪೆಟ್ಟಾಗಬಾರದಲ್ಲ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯುತ್ತಾರೆ. ಇನ್ನೊಬ್ಬರದನ್ನು ಕೇಳದೆ ಮುಟ್ಟುವುದಿಲ್ಲ. ಮೂಲೆಯಲ್ಲಿ ಹೈಸ್ಕೂಲು ಹುಡುಗನೊಬ್ಬ ಚಿಲ್ಲರೆ ರಾಶಿ ಹಾಕಿಕೊಂಡು ಇಸವಿಯ ಕೆಳಗಿನ ಗುರುತು ಹುಡುಕುತ್ತಿರುತ್ತಾನೆ: ನಕ್ಷತ್ರವಿದ್ದರೆ ಹೈದರಾಬಾದು, ವಜ್ರವಿದ್ದರೆ ಮುಂಬೈ, ಚುಕ್ಕೆಯಿದ್ದರೆ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ವ್ಯಾಪಾರಿಗಳೂ ಬರುತ್ತಾರೆ. ಅವರು ಕೆಟ್ಟವರೆಂದಲ್ಲ, ಆದರೆ ಅವರ ಹೊಟ್ಟೆಪಾಡು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದರಲ್ಲಿದೆ. ಆದ್ದರಿಂದ ಮೊದಲ ಎರಡು ಸಭೆಗಳಲ್ಲಿ ಏನನ್ನೂ ಮಾರಬೇಡಿ, ಕೊಳ್ಳಲೂ ಬೇಡಿ. ‘ಇದಕ್ಕೆಷ್ಟು?’ ಎಂದು ಕೇಳಿದರೆ ಬೆಲೆ ಹೇಳಿ ಮುಗಿಸುತ್ತಾರೆ. ‘ಇದು ಯಾರದು?’ ಎಂದು ಕೇಳಿ, ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟ. ಹೊಲ ಉಳುವಾಗ ಸಿಕ್ಕಿದ್ದು ಎಂದು ಯಾರಾದರೂ ಗುಟ್ಟಾಗಿ ನಾಣ್ಯ ತೋರಿಸಿದರೆ ದೂರ ಸರಿಯಿರಿ. ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನಿದೆ.

ಇನ್ನು ನೀವು ಕಂಸದಲ್ಲಿ ಬರೆದು ಬಿಟ್ಟ ವಾಕ್ಯ. ಇಡೀ ಪತ್ರದಲ್ಲಿ ನನ್ನನ್ನು ಕುರ್ಚಿಯ ತುದಿಗೆ ತಂದದ್ದು ಅದೊಂದೇ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ನರಸಿಂಹನ ಚಿತ್ರವಿರುವ, ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯವನ್ನು ಹೊರಡಿಸಿದರು. ಅರ್ಧ ಗ್ರಾಮೂ ತೂಗದ, ಕಡಲೆಬೇಳೆಯಷ್ಟೂ ಅಗಲವಿಲ್ಲದ ಆ ಕಂಠೀರಾಯಿ ಹಣ ಎಷ್ಟು ಬೇರೂರಿತೆಂದರೆ, ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ ಎಂದು ಮೈಸೂರಿನ ಲೆಕ್ಕಪತ್ರಗಳು ಬಹುಕಾಲ ನಡೆದವು. ಆ ವರಹವನ್ನು ಮಾತ್ರ ಯಾರೂ ಅಚ್ಚು ಹಾಕಲೇ ಇಲ್ಲ, ಅದು ಕಾಗದದ ಮೇಲಷ್ಟೇ ಇತ್ತು. ಬರಿಗಣ್ಣಿಗೆ ಆ ನರಸಿಂಹ ನಾಲ್ಕು ಚುಕ್ಕೆ, ಎರಡು ಗೀಚುಗಳಂತೆ ಕಾಣುತ್ತಾನೆ. ಒಡವೆಯ ಚೂರು ಎಂದು ನೀವು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮದು ಅದೇ ಎಂದು ನೋಡದೆ ಹೇಳಲಾರೆ. ನಿಜವಾಗಿ ಒಡವೆಯ ಚೂರೇ ಇದ್ದೀತು.

‘ಇತ್ತು’ ಎಂದು ಬರೆದಿದ್ದೀರಿ. ಈಗಲೂ ಇದೆಯೇ? ಕಸದ ಜೊತೆ ಹೋಗಿಲ್ಲದಿದ್ದರೆ ಒಂದು ಸಣ್ಣ ಕಾಗದದ ಪೊಟ್ಟಣದಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಸಭೆಗೆ ಹೋಗಿ. ಅಕ್ಕಸಾಲಿಗರ ಅಂಗಡಿಗೆ ಮೊದಲು ಹೋಗಬೇಡಿ. ಫಲಿತಾಂಶವನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

— ಸಂ.