ಟಿವಿ ಕೇಬಲ್ ಬಗ್ಗೆ ಬರೆದು ಕಳಿಸಿದವರಿಗೆ

ನಮಸ್ಕಾರ. ನಿಮ್ಮ ಲೇಖನ ಓದಿದೆ. 1972ರ ಶೆವರ್ಲೆ ಶೆವೆಲ್ ಕಾರಿಂದ ಮೂರು ಗೇರಿನ ಹಳೇ ಟರ್ಬೊ 350 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ, ಅದರ ಜಾಗಕ್ಕೆ ನಾಕು ಗೇರಿನ 700ಆರ್4 ಕೂರಿಸಿ, ಕೊನೇಲಿ ಟಿವಿ ಕೇಬಲ್, ಅಂದ್ರೆ ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗೋ ಥ್ರಾಟಲ್ ವಾಲ್ವ್ ಕೇಬಲ್ ಹಾಕಿದ ಕಥೆ. ಮಿಶಿಗನ್ ಚಳೀಲಿ ಮನೆ ಗ್ಯಾರೇಜಲ್ಲಿ ಒಬ್ರೇ ಇಷ್ಟು ಮಾಡಿ, ಅದನ್ನ ಕನ್ನಡದಲ್ಲೇ ಬರೀಬೇಕು ಅಂತ ನಿಮಗೆ ಅನ್ನಿಸಿದ್ದು ನನಗೆ ಖುಷಿ ಕೊಡ್ತು. ಕಾರಿನ ಕೆಳಗೆ ಅಂಗಾತ ಮಲಗಿ, ಗೇರ್‌ಬಾಕ್ಸ್ ಒಳಗಿನ ಸಣ್ಣ ಕೊಂಡಿನ ಮೇಲಕ್ಕೆಳೆದು ಕೇಬಲ್ ತುದಿಗೆ ಸಿಗಿಸೋ ಪ್ಯಾರಾ ಚೆನ್ನಾಗಿದೆ. ಅದನ್ನ ಮುಟ್ಟಲ್ಲ.

ಆದ್ರೆ ಮೂರನೇ ಪುಟದಲ್ಲಿ ಒಂದು ಸಾಲು ಓದಿ ನಿಜವಾಗ್ಲೂ ಗಾಬರಿ ಆಯ್ತು. "ಕೇಬಲ್ ಹಾಕಿದ ಮೇಲೆ ಗೇರ್ ಬೀಳೋದೇ ಗೊತ್ತಾಗಲ್ಲ, ಬೆಣ್ಣೆ ಥರ ಸ್ಮೂತ್" ಅಂತ ಬರ್ದಿದೀರಿ. ನಾನೂ ಡೆಟ್ರಾಯ್ಟ್ ಕಡೆ ಇದ್ದಾಗ ಈ ಕೇಬಲ್‌ಗಳನ್ನ ಕೈಯಾರೆ ಹಾಕಿದೀನಿ, ಅದಕ್ಕೇ ಹೇಳ್ತಿದೀನಿ, 700ಆರ್4ನಲ್ಲಿ ಗೇರು ಬೇಗ ಬೇಗ, ಮೆತ್ತಗೆ ಬೀಳ್ತಿದೆ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲ್ ಸಡಿಲ ಇದೆ ಅಂತ. ನೀವು ಖುಷಿಪಟ್ಟು ಬರೆದ ಆ ಸಾಲು ನಿಮ್ಮ ಗೇರ್‌ಬಾಕ್ಸ್ ಸುಡೋಕೆ ಶುರುವಾಗಿರೋ ಲಕ್ಷಣ ಇರಬಹುದು. ಈ ಪತ್ರ ಓದಿದ ಮೇಲೆ ದಯವಿಟ್ಟು ಆ ಕಾರು ಓಡಿಸ್ಬೇಡಿ, ಗೇರ್‌ಬಾಕ್ಸ್‌ನ ಎಣ್ಣೆ ಒತ್ತಡ ಅಳೆಯೋ ಪ್ರೆಶರ್ ಗೇಜ್ ಹಾಕಿ ನೋಡೋ ತನಕ.

ಇಷ್ಟಕ್ಕೆಲ್ಲ ಮೂಲ ನಿಮ್ಮ ಎರಡನೇ ಪುಟದಲ್ಲಿದೆ. "ಈ ಕೇಬಲ್ ಇರೋದು ಪೆಡಲ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸೋಕೆ." ಇದು ನೀವು ಬಿಚ್ಚಿ ಕೆಳಗಿಟ್ಟ ಟರ್ಬೊ 350ಗೆ ನಿಜ. ಅದರಲ್ಲಿ ಇಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಹೇಳೋಕೆ ವ್ಯಾಕ್ಯೂಮ್ ಮಾಡ್ಯುಲೇಟರ್ ಬೇರೆ ಇರತ್ತೆ, ಕೇಬಲ್ ಕಿಕ್‌ಡೌನ್‌ಗೆ, ಅಂದ್ರೆ ಹಾಗೆ ಗೇರ್ ಇಳಿಸೋಕೆ ಮಾತ್ರ. 1982ರಲ್ಲಿ 700ಆರ್4 ಬಂದಾಗ ಅದರಲ್ಲಿ ಮಾಡ್ಯುಲೇಟರೇ ಇರಲಿಲ್ಲ. ಮುಂದೆ 4ಎಲ್60 ಅಂತ ಹೆಸರು ಬದಲಾದ ಮೇಲೂ, 1993ರಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲ್‌ನ 4ಎಲ್60ಇ ಬರೋ ತನಕ, ಡ್ರೈವರ್ ಪೆಡಲ್ ಎಷ್ಟು ಒತ್ತಿದಾನೆ ಅನ್ನೋದು ಗೇರ್‌ಬಾಕ್ಸ್‌ಗೆ ಗೊತ್ತಾಗ್ತಿದ್ದದ್ದು ಈ ಒಂದು ತಂತಿಯಿಂದ. ಯಾವಾಗ ಗೇರ್ ಬದಲಿಸ್ಬೇಕು ಅನ್ನೋದಕ್ಕಿಂತ ಮುಖ್ಯವಾಗಿ, ಒಳಗಿನ ಎಣ್ಣೆ ಒತ್ತಡ ಎಷ್ಟು ಏರಬೇಕು ಅನ್ನೋದು ಇದರ ಮೇಲೆ ನಿಂತಿದೆ. ಪೆಡಲ್ ಒತ್ತಿದಷ್ಟು ಕೇಬಲ್ ಎಳೀಲಿಲ್ಲ ಅಂದ್ರೆ ಒತ್ತಡ ಏರಲ್ಲ, ಕ್ಲಚ್ ಪ್ಲೇಟುಗಳು ಗಟ್ಟಿಯಾಗಿ ಹಿಡಿಯಲ್ಲ, ಜಾರ್ತಾವೆ, ಕಾಯ್ತಾವೆ, ಸುಡ್ತಾವೆ. ಸಾಮಾನ್ಯವಾಗಿ ಮೊದಲು ಹೋಗೋದು ಮೂರು-ನಾಕನೇ ಗೇರಿನ ಕ್ಲಚ್. ಸೀಟಲ್ಲಿ ಕೂತವರಿಗೆ ಅದೇ ಜಾರೋದು "ಸ್ಮೂತ್" ಅನ್ನಿಸತ್ತೆ!

ಇನ್ನು "ಟೆಸ್ಟ್ ಡ್ರೈವ್‌ಗೆ ಹೋಗಿ ಬನ್ನಿ" ಅನ್ನೋದು ನಿಮ್ಮ ಒಂಬತ್ತನೇ ಹೆಜ್ಜೆ, "ಕೇಬಲ್ ಸರಿ ಹೊಂದಿಸದೆ ಓಡಿಸಿದರೆ ಗೇರ್‌ಬಾಕ್ಸ್ ಹಾಳಾಗಬಹುದು" ಅನ್ನೋ ಮಾತು ಅದಾದ್ಮೇಲೆ, ಲೇಖನದ ಕಟ್ಟಕಡೆಗೆ, "ಸೂಚನೆ" ಅಂತ. ಯಾಕ್ರೀ ಹೀಗೆ?

ನಾನು ಕೆಲಸ ಕಲ್ತಿದ್ದು ಬೆಂಗಳೂರಲ್ಲಿ ಒಂದು ವಾರಪತ್ರಿಕೆಯ ಕೃಷಿ ಪುಟದಲ್ಲಿ. ನಮ್ಮ ಹಿರಿಯ ಉಪಸಂಪಾದಕರು ಟೇಬಲ್ ಮೇಲೆ ಒಂದು ಹಳೇ ಫುಟ್ ವಾಲ್ವ್ (ಬಾವಿಯೊಳಗೆ ಪಂಪಿನ ಪೈಪ್ ತುದಿಗೆ ಹಾಕೋದು) ಇಟ್ಕೊಂಡಿದ್ರು, ತುಕ್ಕು ಹಿಡಿದದ್ದು, ಜಾಲರಿ ಅರ್ಧ ಕಿತ್ತೋಗಿತ್ತು. ಪಂಪ್‌ಸೆಟ್ ಬಗ್ಗೆ ಏನೇ ಬರಹ ಬಂದ್ರೂ ಅದನ್ನ ನನ್ನ ಕೈಗೆ ಕೊಟ್ಟು, ತಾವು ಬರಹ ಗಟ್ಟಿಯಾಗಿ ಓದೋರು, ಅವರು ಓದಿದಷ್ಟೇ ನಾನು ಮಾಡ್ಬೇಕು, ನನಗೆ ತಿಳಿದದ್ದು ಸೇರಿಸೋ ಹಾಗಿಲ್ಲ. ಒಂದ್ಸಲ "ಸ್ವಿಚ್ ಹಾಕಿ, ಅದಕ್ಕೂ ಮೊದಲು ಪಂಪಿಗೆ ನೀರು ತುಂಬಿಸಿರಬೇಕು" ಅಂತ ಒಂದು ಬರಹ ಬಂತು. ಅಲ್ಲಿಗೇ ಪೆನ್ನು ಕೆಳಗಿಟ್ರು. "ರೈತ ಪೇಪರ್ ಹಿಡ್ಕೊಂಡು ಬಾವಿ ಹತ್ರ ನಿಂತಿರ್ತಾನೆ ಕಣಯ್ಯ, ಮೊದಲ್ನೇ ಮಾತಿಗೇ ಸ್ವಿಚ್ ಹಾಕ್ತಾನೆ, ಎರಡ್ನೇ ಮಾತಿಗೆ ಬರೋ ಹೊತ್ತಿಗೆ ಪಂಪಿನ ಸೀಲ್ ಸುಟ್ಟಿರತ್ತೆ" ಅಂದ್ರು. ಆ ಮನುಷ್ಯನಿಗೆ ಭಾಷೆ ತಪ್ಪಿದ್ರೆ ಅಷ್ಟು ಸಿಟ್ಟು ಬರ್ತಿರಲಿಲ್ಲ, ಸಾಲಿನ ಕ್ರಮ ತಪ್ಪಿದ್ರೆ ಮುಖ ಕೆಂಪಾಗೋದು. ನಿಮ್ಮ ಒಂಬತ್ತನೇ ಹೆಜ್ಜೆ ಓದುವಾಗ ಅವರೇ ಪಕ್ಕದಲ್ಲಿ ಕೂತ ಹಾಗಾಯ್ತು.

ಈಗ ಕೇಬಲ್ ಹೊಂದಿಸೋ ಪ್ಯಾರಾ, ಕಾರ್ಬ್ಯುರೇಟರ್ ಕಡೆಯ ತುದೀಲಿರೋ ಬಟನ್ನು, ಸ್ಲೈಡರ್‌ನಿಂದ ಮಾಡೋ ಕೆಲಸ. "ಬಟನ್ ಒತ್ತಿ ಕೇಬಲ್ ಹಿಂದಕ್ಕೆ ಎಳೆಯಿರಿ." ಯಾವುದರ ಹಿಂದಕ್ಕೆ? ಬಾನೆಟ್ ಎತ್ತಿ ಬಗ್ಗಿ ನಿಂತವನಿಗೆ ಹಿಂದೆ ಅಂದ್ರೆ ತನ್ನ ಕಡೆ, ಕಾರಿಗೆ ಹಿಂದೆ ಅಂದ್ರೆ ಡ್ಯಾಶ್‌ಬೋರ್ಡ್ ಕಡೆ, ಎರಡೂ ಪೂರ್ತಿ ಉಲ್ಟಾ. ಇಂಜಿನ್ ಆಫ್ ಇರಲಿ, ಬಟನ್ ಒತ್ತಿ ಹಿಡ್ಕೊಂಡು ಸ್ಲೈಡರನ್ನ ಕಾರ್ಬ್ಯುರೇಟರ್‌ನ ಥ್ರಾಟಲ್ ಲಿವರ್‌ನಿಂದ ದೂರಕ್ಕೆ ತಳ್ಳಿ, ತಡೆಯೋ ತನಕ, ಆಮೇಲೆ ಬಟನ್ ಬಿಡಿ, ಇಷ್ಟು ಬರೀರಿ.

"ನಂತರ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಸರಿಯಾಗಿ ಟೈಟ್ ಮಾಡಿ." ಈ ಸಾಲಲ್ಲಿ "ಸ್ವಲ್ಪ" ತಪ್ಪು, "ಸರಿಯಾಗಿ" ಅನ್ನೋದ್ರಿಂದ ಓದೋನಿಗೆ ಏನೂ ಸಿಗಲ್ಲ. ಕಾರ್ಬ್ಯುರೇಟರ್ ಹತ್ರ ಲಿವರನ್ನ ಕೈಯಿಂದಲೇ ಪೂರ್ತಿ ತಿರುಗಿಸ್ಬೇಕು, ಇನ್ನು ತಿರುಗಲ್ಲ ಅನ್ನೋ ತನಕ. ಆಗ ಸ್ಲೈಡರ್ ಟಕ್ ಟಕ್ ಅಂತ ಹಲ್ಲು ಹಲ್ಲಾಗಿ ಲಿವರ್ ಕಡೆಗೆ ಜರುಗತ್ತೆ, ಕಿವಿಗೂ ಕೇಳತ್ತೆ, ಬೆರಳಿಗೂ ತಿಳಿಯತ್ತೆ. ಆ ಸದ್ದು ನಿಮ್ಮ ಬರಹದಲ್ಲಿ ಎಲ್ಲೂ ಇಲ್ವಲ್ಲ! ನೀವು ಅದನ್ನ ಕೇಳಿದ್ರಾ? ಕೇಳಿದ್ರೆ ಬರೀರಿ, ಕೇಳಿಲ್ಲ ಅಂದ್ರೆ ಆ ಕೇಬಲ್ ಇನ್ನೂ ಹೊಂದ್ಕೊಂಡಿಲ್ಲ. ಲಿವರ್ ಪೂರ್ತಿ ತೆರೆದಾಗ ಕೇಬಲ್ ಪೂರ್ತಿ ಎಳೆದಿರ್ಬೇಕು, ಬಿಟ್ಟಾಗ ಜೋಲು ಬಿದ್ದಿರಬಾರದು. ಆಮೇಲೆ ಒಬ್ಬರನ್ನ ಸೀಟಲ್ಲಿ ಕೂರಿಸಿ ಪೆಡಲ್ ನೆಲಕ್ಕೆ ಒತ್ತಿಸಿ, ಲಿವರ್ ಅಷ್ಟೇ ದೂರ ಬರತ್ತಾ ನೋಡ್ಬೇಕು. ಕಾರ್ಪೆಟ್ ಮಧ್ಯೆ ಸಿಕ್ಕಿ ಪೆಡಲ್ ಪೂರ್ತಿ ಇಳೀದೆ ಇರೋದೂ ಉಂಟು.

"ಹೋಲಿ ಕಾರ್ಬ್ಯುರೇಟರ್‌ಗೆ ಕೇಬಲ್ ಸಿಕ್ಕಿಸಿದೆ." ಲಿವರ್‌ನ ಯಾವ ತೂತಿಗೆ? ಜಿಎಂ, ಅಂದ್ರೆ ಶೆವರ್ಲೆ ಮಾಡೋ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಕಂಪನಿಯಿಂದ ಬರ್ತಿದ್ದ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್‌ನಲ್ಲಿ ಕೇಬಲ್ ಸಿಗಿಸೋ ಪಿನ್ನು ಥ್ರಾಟಲ್ ಶಾಫ್ಟ್‌ನಿಂದ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ, ಬೇಕಾದ ಕೋನದಲ್ಲಿ ಇರತ್ತೆ. ಹೋಲಿಗೆ ಅದನ್ನ ಸರಿಪಡಿಸೋ ಅಡಾಪ್ಟರ್ ಬೇರೆ ಹಾಕ್ಬೇಕು. ಇಲ್ಲದಿದ್ರೆ ಪೂರ್ತಿ ತೆರೆದಾಗ ಎಲ್ಲ ಸರಿ ಕಾಣತ್ತೆ, ಅರ್ಧ ಪೆಡಲ್‌ನಲ್ಲಿ ಒತ್ತಡ ಕಮ್ಮಿ ಉಳಿಯತ್ತೆ, ದಿನಾ ಓಡಿಸೋದೇ ಅರ್ಧ ಪೆಡಲ್‌ನಲ್ಲಿ. ಅಡಾಪ್ಟರ್ ಹಾಕಿದೀರೋ ಇಲ್ವೋ ನಿಮ್ಮ ಬರಹದಿಂದ ಗೊತ್ತಾಗ್ತಿಲ್ಲ.

ಪೇಂಟ್, ಡ್ರೈವ್‌ಶಾಫ್ಟ್, ಸ್ಪೀಡೋಮೀಟರ್ ಗೇರು, ಇವೆಲ್ಲದರ ಬಗ್ಗೆ ಈಗ ಏನೂ ಹೇಳಲ್ಲ. ಮೊದಲು ಗೇರ್‌ಬಾಕ್ಸ್‌ನ ಡ್ರೈವರ್ ಕಡೆ ಪಕ್ಕದಲ್ಲಿ, ಅದರ ಹೊರಗಿನ ಶಿಫ್ಟ್ ಲಿವರ್ ಮೇಲ್ಗಡೆ ಇರೋ ಪ್ಲಗ್ ಬಿಚ್ಚಿ 300 ಪಿಎಸ್‌ಐ ತನಕ ಒತ್ತಡ ಅಳೆಯೋ ಗೇಜ್ ಹಾಕಿ, ಥ್ರಾಟಲ್ ತೆರೀತಿದ್ದ ಹಾಗೇ ಮುಳ್ಳು ಮೇಲೆ ಏರತ್ತಾ ನೋಡಿ. ಏರದಿದ್ರೆ ಕೇಬಲ್ ಮತ್ತೆ ಹೊಂದಿಸಿ, ಅಡಾಪ್ಟರ್ ತರಿಸಿ. ಎಣ್ಣೆ ಸುಟ್ಟ ವಾಸನೆ ಬರ್ತಿದ್ರೆ ಗೇರ್‌ಬಾಕ್ಸ್ ಕೆಳಗಿನ ಎಣ್ಣೆ ಪ್ಯಾನ್ ಇಳಿಸಿ ನೋಡೋದು ಒಳ್ಳೇದು. ಆಮೇಲೆ ಹೊಂದಿಸೋ ಪ್ಯಾರಾ ಒಂದನ್ನೇ ಹೊಸದಾಗಿ ಬರೆದು ಕಳ್ಸಿ, ಎಚ್ಚರಿಕೆ ಮಾತು ಮೊದಲ ಹೆಜ್ಜೆಗಿಂತ ಮುಂಚೆ ಬರಲಿ, ಗೇಜ್ ಎಷ್ಟು ತೋರಿಸ್ತು ಅನ್ನೋದೂ ಸೇರಿಸಿ. ಅದು ಬಂದ ತಕ್ಷಣ ಉಳಿದದ್ದು ಓದ್ತೀನಿ.