ಪೈನ್ ಮರಗಳ ಕ್ರೋಮೋಸೋಮ್ ಸಂಖ್ಯೆ 24ರಲ್ಲೇ ಯಾಕೆ ನಿಂತಿದೆ?

ಪೈನ್‌ನಂಥ, ಹೂವಿಲ್ಲದೆ ಬೀಜ ಕಟ್ಟುವ ಮರಗಳಲ್ಲಿ ಕ್ರೋಮೋಸೋಮ್‌ಗಳ (ಜೀವಕೋಶದೊಳಗೆ ಡಿಎನ್‌ಎ ಹೊತ್ತ ಎಳೆಗಳ) ಇಡೀ ಸೆಟ್ಟೇ ದುಪ್ಪಟ್ಟಾಗುವುದು ತೀರಾ ಅಪರೂಪ, ಅದಕ್ಕೇ. ಹೂ ಬಿಡುವ ಗಿಡಗಳಲ್ಲಿ ಅದು ಮಾಮೂಲು. ನಮ್ಮ ಕೊಡಗಿನ ತೋಟಗಳನ್ನೇ ನೋಡಿ: ರೋಬಸ್ಟಾದಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44. ಆಫ್ರಿಕಾದಲ್ಲಿ ರೋಬಸ್ಟಾ ಇನ್ನೊಂದು ಕಾಡು ಕಾಫಿಯೊಡನೆ ಬೆರೆತು, ಎರಡರ ಸೆಟ್ಟುಗಳೂ ಉಳಿದುಕೊಂಡು ಹುಟ್ಟಿದ್ದು ಅರೇಬಿಕಾ.

ಹಾಗಂತ ಪೈನ್ ಸುಮ್ನೆ ಕೂತಿಲ್ಲ. ಅದರ ಡಿಎನ್‌ಎಯಲ್ಲಿ ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ ತುಣುಕುಗಳಿವೆ. ನಕಲುಗಳು ಸೇರುತ್ತಲೇ ಹೋಗುತ್ತವೆ, ಅಳಿಸಿಹೋಗುವುದು ಬಹಳ ನಿಧಾನ. ಹಳೇ ಮನೆಯ ಅಟ್ಟದ ಹಾಗೆ, ಅಲ್ವಾ! ಸಂಖ್ಯೆ ಅಷ್ಟೇ, ಗಾತ್ರ ಜಾಸ್ತಿ. ಅಮೆರಿಕದ ಲಾಬ್ಲಾಲಿ ಪೈನ್‌ನ ಡಿಎನ್‌ಎ ಮನುಷ್ಯನದ್ದರ ಸುಮಾರು 7 ಪಟ್ಟು. ದುಪ್ಪಟ್ಟಾಗುವ ದಾರಿ ಹಿಡಿದ ಅಪರೂಪದ ಮರ ಕ್ಯಾಲಿಫೋರ್ನಿಯಾದ ಕೋಸ್ಟ್ ರೆಡ್‌ವುಡ್. ಅದರಲ್ಲಿ 66 ಕ್ರೋಮೋಸೋಮ್‌ಗಳಿವೆ.